ವೇಗ ಮತ್ತು ಹದ

ಮಲಪ್ರಭಾ ನದಿಯ ದಕ್ಷಿಣಕ್ಕೆ ಹಬ್ಬಿರುವ ನರಗುಂದ ಮತ್ತು ರೋಣದ ಸೀಮೆ ಬಹುಮಟ್ಟಿಗೆ ಎರೆಯ ನೆಲ. ಮಳೆ ಬಿದ್ದೊಡನೆ ಈ ನೆಲದಲ್ಲಿ ಕಾಲಿಡುವುದು ಕಷ್ಟ. ಮಣ್ಣು ಹೆಜ್ಜೆಹೆಜ್ಜೆಗೂ ಪಾದವನ್ನು ಹಿಡಿದೆಳೆಯುತ್ತದೆ. ಹಾಗೆಂದು ಬಹಳ ದಿನ ಬಿಟ್ಟರೆ ನೆಲ ಒಣಗಿ ಬಿರುಕುಬಿಡುತ್ತದೆ. ಈ ಎರಡು ಸ್ಥಿತಿಗಳ ನಡುವೆ ಬರುವ ಕೆಲವೇ ದಿನಗಳ ಯೋಗ್ಯ ಸ್ಥಿತಿಯನ್ನು ಒಕ್ಕಲಿಗನು ‘ಹದ’ ಎಂದು ಕರೆಯುತ್ತಾನೆ. ಎತ್ತು ಎಷ್ಟೇ ಬಲಶಾಲಿಯಾಗಿರಲಿ, ಕೂರಿಗೆ ಎಷ್ಟೇ ಹೊಸದಾಗಿರಲಿ, ಹದ ತಪ್ಪಿದರೆ ಬಿತ್ತನೆ ಕೈಗೂಡದು. ಈ ಮಾತು ಹೊಲಕ್ಕೆ ಮಾತ್ರವಲ್ಲ, ಮನುಷ್ಯನು ಕಟ್ಟಿದ ಕಚೇರಿಗಳಿಗೂ ಸಲ್ಲುತ್ತದೆ. ಗಣಕಯಂತ್ರವೆಂಬ ಹೊಸ ಕೂರಿಗೆ ಸರಕಾರದ ಕಚೇರಿಗಳನ್ನು ಪ್ರವೇಶಿಸಿ ಈಗ ಎರಡು ದಶಕಗಳು ಕಳೆದಿವೆ. ಅದರಿಂದ ಕೆಲಸದ ವೇಗ ಹೆಚ್ಚಿತೆಂಬುದು ನಿರ್ವಿವಾದ. ಆದರೆ ಹದ ಉಳಿಯಿತೇ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಒಕ್ಕಲಿಗನ ಬಾಳಿನಲ್ಲಿ ಉತಾರಕ್ಕೆ ಇರುವ ಸ್ಥಾನ ದೊಡ್ಡದು. ಪಹಣಿ ಎಂದೂ ಕರೆಯಲ್ಪಡುವ ಈ ಪತ್ರದಲ್ಲಿ ಹೊಲದ ಸರ್ವೆ ನಂಬರು, ವಿಸ್ತೀರ್ಣ, ಮಾಲೀಕನ ಹೆಸರು, ಬೆಳೆದ ಬೆಳೆ, ಸಾಲದ ಹೊರೆ ಮೊದಲಾದ ವಿವರಗಳಿರುತ್ತವೆ. ಬ್ಯಾಂಕಿನ ಸಾಲಕ್ಕೂ, ಬೆಳೆವಿಮೆಗೂ, ಅಣ್ಣತಮ್ಮಂದಿರ ಪಾಲಿಗೂ, ನ್ಯಾಯಾಲಯದ ವ್ಯಾಜ್ಯಕ್ಕೂ ಇದು ಬೇಕೇಬೇಕು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ಪತ್ರಗಳನ್ನು ರಾಜ್ಯದ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಕೈಬರಹದಲ್ಲಿಯೇ ಬರೆದಿಡುತ್ತಿದ್ದರು. ಒಬ್ಬೊಬ್ಬ ಲೆಕ್ಕಿಗನ ಅಧೀನದಲ್ಲಿ ಹಲವು ಗ್ರಾಮಗಳು ಇರುತ್ತಿದ್ದವು. ಗಜೇಂದ್ರಗಡವು ಆಗ ಇನ್ನೂ ರೋಣ ತಾಲ್ಲೂಕಿಗೇ ಸೇರಿತ್ತು. ಬೆಟ್ಟದ ಸೆರಗಿನ ರೈತನೂ ತಾಲ್ಲೂಕು ಕಚೇರಿಯ ಕೆಲಸಕ್ಕೆ ರೋಣಕ್ಕೇ ಹೋಗಬೇಕಾಗಿತ್ತು.

ಆ ಕಾಲದ ರೈತನ ದೊಡ್ಡ ಕಷ್ಟವೆಂದರೆ ಕಾಯುವಿಕೆ. ಲೆಕ್ಕಿಗನು ಒಂದು ಊರಿನಲ್ಲಿದ್ದರೆ ದಫ್ತರವು ಮತ್ತೊಂದು ಊರಿನಲ್ಲಿ ಇರುತ್ತಿತ್ತು. ಇಂದು ಬಾ, ನಾಳೆ ಬಾ ಎಂಬ ಮಾತು ಕೇಳಿ ರೈತನು ಬರಿಗೈಯಲ್ಲಿ ಹಿಂದಿರುಗುತ್ತಿದ್ದನು. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಹೊಲ ವರ್ಗವಾಗಲು ತಿಂಗಳುಗಳು ಹಿಡಿಯುತ್ತಿದ್ದವು. ಯಾರ ಅರ್ಜಿ ಮೊದಲು, ಯಾರದು ಆಮೇಲೆ ಎಂಬುದು ಬರೆಯುವವನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಪುಸ್ತಕ ಒಬ್ಬನ ಕೈಯಲ್ಲಿ ಮಾತ್ರ ಇದ್ದುದರಿಂದ ತಿದ್ದುಪಡಿಗೂ ಲಂಚಕ್ಕೂ ಅವಕಾಶವಿತ್ತು.

ಈ ಸ್ಥಿತಿಯನ್ನು ಬದಲಿಸಲು ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ತಂತ್ರಾಂಶವನ್ನು ಸಿದ್ಧಪಡಿಸಿದರು. ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸೇರಿದ ೨ ಕೋಟಿ ಉತಾರಗಳ ವಿವರವನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ೨೦೦೨ರ ವೇಳೆಗೆ ಅಂದಿನ ೧೭೭ ತಾಲ್ಲೂಕುಗಳಲ್ಲಿಯೂ ಭೂಮಿ ಕೇಂದ್ರಗಳು ತೆರೆದವು. ರೋಣ, ನರಗುಂದಗಳೂ ಅವುಗಳಲ್ಲಿ ಸೇರಿದ್ದವು. ಆರಂಭದಲ್ಲಿ ೧೫ ರೂಪಾಯಿ ಶುಲ್ಕ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಮುದ್ರಿತ ಉತಾರ ಕೈಗೆ ಬರುತ್ತಿತ್ತು. ಕೈಬರಹದ ಉತಾರಕ್ಕೆ ಇನ್ನು ಮಾನ್ಯತೆಯಿಲ್ಲವೆಂದು ಸಾರಲಾಯಿತು. ಮೊದಲು ಬಂದ ಅರ್ಜಿಯೇ ಮೊದಲು ತೀರ್ಮಾನವಾಗಬೇಕೆಂಬ ನಿಯಮವನ್ನು ಯಂತ್ರದೊಳಗೇ ಅಳವಡಿಸಲಾಯಿತು. ದಾಖಲೆಯನ್ನು ಮುಟ್ಟುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕಾಯಿತು. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ಮರೆಯಾಗಿ ಉಳಿಯಲಿಲ್ಲ.

ಇದರಿಂದ ಆದ ಲಾಭ ಸಾಮಾನ್ಯವಾದುದಲ್ಲ. ಕಚೇರಿಯೆಂಬುದು ಜಡವಾದ ವಸ್ತು ಎಂಬ ಭಾವನೆ ಸ್ವಲ್ಪಮಟ್ಟಿಗಾದರೂ ಸಡಿಲಿತು. ೨೦೧೨ರ ಕೊನೆಯಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದ ಮೇಲೆ ಜಾತಿ, ಆದಾಯ ಪ್ರಮಾಣಪತ್ರಗಳೂ ಹೋಬಳಿಯ ನಾಡಕಚೇರಿಯಲ್ಲಿ ಗಣಕಯಂತ್ರದ ಮೂಲಕವೇ ದೊರೆಯತೊಡಗಿದವು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಇದರ ಉಪಯೋಗ ಚೆನ್ನಾಗಿ ತಿಳಿದಿದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಮೊದಲಾದ ಊರುಗಳಿಗೆ ನೀರು ನುಗ್ಗಿತು. ಅಂಥ ಸಮಯದಲ್ಲಿ ಹಾನಿಯ ವಿವರವನ್ನು ಗಣಕಯಂತ್ರದಲ್ಲಿ ದಾಖಲಿಸಿ, ಪರಿಹಾರದ ಹಣವನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಕಳುಹಿಸುವ ವ್ಯವಸ್ಥೆ ಇತ್ತು. ಬದಲಾಗುವ ಪರಿಸ್ಥಿತಿಗೆ ತಕ್ಕಂತೆ ಬೇಗನೆ ಹೊರಳಿಕೊಳ್ಳುವ ಈ ಗುಣವನ್ನು ಸಂಸ್ಥೆಯ ಚುರುಕುತನವೆಂದು ಕರೆಯಬಹುದು.

ಆದರೆ ಈ ಚುರುಕುತನದ ಬೆಲೆಯನ್ನು ತೆರುವವರು ಯಾರು? ಗಣಕಯಂತ್ರವು ತಾನಾಗಿಯೇ ಹೊಲಕ್ಕೆ ಹೋಗಲಾರದು. ಬಿದ್ದ ಮನೆಯನ್ನು ತಾನೇ ನೋಡಲಾರದು. ವಿಧವೆಯ ಮಾತನ್ನು ಕೇಳಿ ಅವಳ ಅರ್ಜಿಯ ನಿಜವನ್ನು ತಿಳಿಯಲಾರದು. ಅದಕ್ಕೆ ಒಬ್ಬ ಮನುಷ್ಯನೇ ಬೇಕು. ಆ ಮನುಷ್ಯನೇ ಹಿಂದಿನ ಗ್ರಾಮಲೆಕ್ಕಿಗ, ಇಂದಿನ ಗ್ರಾಮ ಆಡಳಿತಾಧಿಕಾರಿ. ಹಿಂದೆ ಅವನ ಕೈಯಲ್ಲಿ ದಫ್ತರವಿತ್ತು; ಈಗ ಮೊಬೈಲ್ ಇದೆ. ಬೆಳೆ ಸಮೀಕ್ಷೆಗೆ ಒಂದು ತಂತ್ರಾಂಶ, ಸರಕಾರಿ ಜಮೀನಿನ ಕಾವಲಿಗೆ ಇನ್ನೊಂದು, ಉತಾರಕ್ಕೆ ಆಧಾರ್ ಜೋಡಿಸಲು ಮತ್ತೊಂದು, ಪ್ರಮಾಣಪತ್ರ, ಪಿಂಚಣಿ, ನೆರೆಹಾನಿಗಳಿಗೆ ಬೇರೆ ಬೇರೆ. ಪ್ರತಿಯೊಂದು ತಂತ್ರಾಂಶವೂ ತನ್ನಷ್ಟಕ್ಕೆ ಉಪಯುಕ್ತವೇ. ಅವೆಲ್ಲವೂ ಒಬ್ಬನ ಅಂಗೈಯಲ್ಲಿ ಬಂದು ಸೇರಿದಾಗ ಮಾತ್ರ ಅವು ಹೊರೆಯಾಗುತ್ತವೆ.

ಈ ಹೊರೆಯ ಅಳಲು ೨೦೨೪ರ ಸೆಪ್ಟೆಂಬರ್ ತಿಂಗಳಿನಲ್ಲಿ ಬಹಿರಂಗವಾಯಿತು. ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಲೇಖನಿ ಕೆಳಗಿಟ್ಟು ತಾಲ್ಲೂಕು ಕಚೇರಿಗಳ ಮುಂದೆ ಕುಳಿತರು. ಹದಿನೇಳಕ್ಕೂ ಹೆಚ್ಚು ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕಾಗಿದೆ, ಅದಕ್ಕೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್, ಇಂಟರ್‌ನೆಟ್ ಸೌಲಭ್ಯಗಳಿಲ್ಲ, ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ಅವರ ದೂರು. ೨೦೨೫ರ ಫೆಬ್ರವರಿಯಲ್ಲಿ ಅವರು ಮತ್ತೊಮ್ಮೆ ಮುಷ್ಕರ ಹೂಡಿದರು. ಯಂತ್ರ ಬೇಡವೆಂದು ಅವರು ಹೇಳಲಿಲ್ಲ. ಯಂತ್ರದ ಜೊತೆಗೆ ಸಾಧನವೂ ಸಮಯವೂ ಬೇಕೆಂದು ಹೇಳಿದರು. ಆ ದಿನಗಳಲ್ಲಿ ಪ್ರಮಾಣಪತ್ರಕ್ಕಾಗಿ ಬಂದ ಜನರು ಮತ್ತೆ ಕಾಯಬೇಕಾಯಿತು. ಕಚೇರಿಯಿಂದ ತೊಲಗಿತೆಂದು ಭಾವಿಸಿದ್ದ ಕಾಯುವಿಕೆಯು ನಿಜವಾಗಿ ತೊಲಗಿರಲಿಲ್ಲ. ರೈತನ ಹೆಗಲಿನಿಂದ ಇಳಿದು ನೌಕರನ ಹೆಗಲನ್ನು ಏರಿದ್ದ ಆ ಭಾರ, ನೌಕರನು ಕುಸಿದೊಡನೆ ಪುನಃ ರೈತನ ಬಳಿಗೇ ಹಿಂದಿರುಗಿತು.

ಇಂಥ ಒತ್ತಡಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಮನಸ್ಸಿನ ಚದರುವಿಕೆ. ಒಂದು ಕೆಲಸದಲ್ಲಿ ನೆಟ್ಟ ಮನಸ್ಸನ್ನು ಕಿತ್ತು ಇನ್ನೊಂದರಲ್ಲಿ ನೆಡುವಾಗ ಪ್ರತಿಸಲವೂ ಶಕ್ತಿ ವ್ಯಯವಾಗುತ್ತದೆ. ಎರಡನೆಯದು, ಹೊತ್ತಿನ ಗಡಿ ಅಳಿಸಿಹೋಗುವುದು. ದಫ್ತರವನ್ನು ಕಟ್ಟಿಟ್ಟರೆ ಕೆಲಸ ಮುಗಿಯುತ್ತಿತ್ತು. ಮೊಬೈಲನ್ನು ಮನೆಗೆ ಒಯ್ದರೆ ಕಚೇರಿಯೂ ಮನೆಯೊಳಗೆ ಬರುತ್ತದೆ. ಊಟದ ತಟ್ಟೆಯ ಮುಂದೆ ಕುಳಿತಾಗಲೂ ಮೇಲಧಿಕಾರಿಯ ಸಂದೇಶ ಬರಬಹುದು. ಮೂರನೆಯದು, ತನ್ನ ಕೈಯಲ್ಲಿಲ್ಲದ ತಪ್ಪಿಗೆ ತಾನು ಉತ್ತರ ಹೇಳಬೇಕಾಗುವುದು. ಸರ್ವರ್ ನಿಂತರೆ, ಸಂಪರ್ಕ ದೊರೆಯದಿದ್ದರೆ, ಎದುರಿಗೆ ನಿಂತ ಜನರ ಕೋಪ ಯಂತ್ರವನ್ನು ತಟ್ಟುವುದಿಲ್ಲ; ಅದು ತಟ್ಟುವುದು ಮನುಷ್ಯನನ್ನು. ಹತೋಟಿಗೆ ಬಾರದೆ ಬಹುಕಾಲ ಉಳಿಯುವ ಕೆಲಸದ ಒತ್ತಡದಿಂದ ಹುಟ್ಟುವ ದಣಿವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ತನ್ನ ರೋಗಗಳ ವರ್ಗೀಕರಣದಲ್ಲಿ ವಿವರಿಸಿದೆ. ಇದು ಸೋಮಾರಿಯ ನೆಪವಲ್ಲ ಎಂಬುದಕ್ಕೆ ಇಷ್ಟು ಸಾಕು.

ಅವಸರದಿಂದ ದಣಿದ ನೌಕರನು ತಪ್ಪು ಬರೆದರೆ ಅದರ ಫಲವನ್ನು ಉಣ್ಣುವವನು ರೈತ. ಹೊಲದಲ್ಲಿ ಕಡಲೆ ಬೆಳೆದಿದ್ದು ದಾಖಲೆಯಲ್ಲಿ ಜೋಳವೆಂದು ನಮೂದಾದರೆ ಬೆಳೆವಿಮೆಯ ಹಣಕ್ಕೆ ಅಡ್ಡಿಯಾಗಬಹುದು. ನೆಲದ ಸತ್ಯಕ್ಕೂ ಕಾಗದದ ಸತ್ಯಕ್ಕೂ ನಡುವೆ ಅಂತರ ಬೆಳೆದರೆ ಏನಾಗುವುದೆಂಬುದನ್ನು ನರಗುಂದವು ಹಿಂದೆಯೇ ಕಂಡಿದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಕೇಳಲಾಗುತ್ತಿದೆ ಎಂಬುದು ಅಲ್ಲಿನ ರೈತರ ದೂರಾಗಿತ್ತು. ೧೯೮೦ರ ಜುಲೈ ೨೧ರಂದು ಅವರ ಚಳವಳಿ ನರಗುಂದದಲ್ಲಿ ಉಗ್ರರೂಪ ತಾಳಿ ಜೀವಹಾನಿಯಲ್ಲಿ ಮುಗಿಯಿತು. ಅಂದು ಗಣಕಯಂತ್ರವಿರಲಿಲ್ಲ, ಆದರೆ ಪಾಠ ಅದೇ. ಕಾಗದದಲ್ಲಿ ಹರಿದ ನೀರು ಹೊಲದಲ್ಲಿ ಹರಿಯಬೇಕೆಂದಿಲ್ಲ. ಹೊಲದ ಬಳಿ ನಿಂತು ನೋಡಲು, ರೈತನ ಮಾತನ್ನು ಆಲಿಸಲು ಸಮಯವಿರುವ ನೌಕರನಿಲ್ಲದಿದ್ದರೆ, ಎಷ್ಟು ವೇಗದ ಯಂತ್ರವೂ ತಪ್ಪನ್ನೇ ವೇಗವಾಗಿ ಸಾಗಿಸುತ್ತದೆ.

ಆದುದರಿಂದ ಸಂಸ್ಥೆಯ ನಿಜವಾದ ಚುರುಕುತನವು ಅದರ ಯಂತ್ರಗಳ ಸಂಖ್ಯೆಯಲ್ಲಿಲ್ಲ. ಒಂದೇ ವಿವರವನ್ನು ಹಲವು ಕಡೆ ಬರೆಸುವುದನ್ನು ನಿಲ್ಲಿಸಿ ತಂತ್ರಾಂಶಗಳನ್ನು ಒಗ್ಗೂಡಿಸುವುದು, ಕೆಲಸಕ್ಕೆ ತಕ್ಕ ಸಾಧನ ಮತ್ತು ತರಬೇತಿಯನ್ನು ಒದಗಿಸುವುದು, ಖಾಲಿ ಹುದ್ದೆಗಳನ್ನು ತುಂಬುವುದು, ವಿಶ್ರಾಂತಿಯ ಹೊತ್ತನ್ನು ಗೌರವಿಸುವುದು, ಇವೇ ಅದರ ಲಕ್ಷಣಗಳು. ಹೊರದೇಶಗಳೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ. ಕೆಲಸದ ಹೊತ್ತಿನ ಆಚೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶವು ೨೦೧೭ರಿಂದ ಕಾನೂನಿನಲ್ಲಿ ಜಾರಿಗೆ ತಂದಿತು. ೨೦೨೪ರ ಆಗಸ್ಟ್‌ನಿಂದ ಆಸ್ಟ್ರೇಲಿಯವೂ ಅಂಥದೊಂದು ಹಕ್ಕನ್ನು ನೀಡಿತು. ನೆರೆ, ಬೆಂಕಿಗಳಂಥ ಆಪತ್ತಿನಲ್ಲಿ ರಾತ್ರಿಯೂ ದುಡಿಯುವುದು ನೌಕರನ ಧರ್ಮ. ಆದರೆ ಎಲ್ಲ ದಿನಗಳನ್ನೂ ಆಪತ್ತಿನ ದಿನಗಳಂತೆ ನಡೆಸಿದರೆ, ನಿಜವಾದ ಆಪತ್ತು ಬಂದಾಗ ದುಡಿಯಲು ಶಕ್ತಿಯೇ ಉಳಿಯುವುದಿಲ್ಲ.

ಗಜೇಂದ್ರಗಡವು ಈಗ ಪ್ರತ್ಯೇಕ ತಾಲ್ಲೂಕು. ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅಲ್ಲಿನ ರೈತನು ರೋಣದ ದಾರಿ ಹಿಡಿಯಬೇಕಾಗಿಲ್ಲ. ಉತಾರದ ವಿವರ ಅವನ ಮೊಬೈಲಿನಲ್ಲಿಯೇ ಕಾಣುತ್ತದೆ. ಆ ಸುಖವನ್ನು ಯಾರೂ ಹಿಂದಕ್ಕೆ ಕೇಳಲಾರರು, ಕೇಳಲೂಬಾರದು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂಥ ಕಚೇರಿಗಳಲ್ಲಿ ನೌಕರರಾಗುವರು, ಕೆಲವರು ಅಧಿಕಾರಿಗಳಾಗುವರು, ಉಳಿದವರು ಅರ್ಜಿ ಹಿಡಿದು ಅವರ ಮುಂದೆ ನಿಲ್ಲುವರು. ಮೂವರೂ ನೆನಪಿಡಬೇಕಾದ ಮಾತು ಒಂದೇ. ಒಳ್ಳೆಯ ಒಕ್ಕಲಿಗನು ಸಂಜೆಗೆ ಎತ್ತುಗಳ ಕೊರಳಿನಿಂದ ನೊಗವನ್ನು ಇಳಿಸುತ್ತಾನೆ. ಎತ್ತಿನ ಮೇಲಿನ ಕರುಣೆ ಮಾತ್ರವಲ್ಲ, ನಾಳೆಯ ಬಿತ್ತನೆಯ ವಿವೇಕವೂ ಅದರಲ್ಲಿದೆ.

ಅಭ್ಯಾಸ

೧. ‘ಹದ’ ಎಂದರೇನು? ಲೇಖಕರು ಈ ಮಾತನ್ನು ಕಚೇರಿಗೆ ಹೇಗೆ ಅನ್ವಯಿಸಿದ್ದಾರೆ?
೨. ‘ಭೂಮಿ’ ಯೋಜನೆಯಿಂದ ರೈತರಿಗೆ ಆದ ಅನುಕೂಲಗಳನ್ನು ವಿವರಿಸಿರಿ.
೩. ಗ್ರಾಮ ಆಡಳಿತಾಧಿಕಾರಿಯ ಒತ್ತಡಕ್ಕೆ ಕಾರಣವಾದ ಮೂರು ಅಂಶಗಳಾವುವು?
೪. ‘ಕಾಗದದಲ್ಲಿ ಹರಿದ ನೀರು ಹೊಲದಲ್ಲಿ ಹರಿಯಬೇಕೆಂದಿಲ್ಲ.’ ಈ ವಾಕ್ಯದ ಸ್ವಾರಸ್ಯವನ್ನು ಬರೆಯಿರಿ.
೫. ನಿಮ್ಮ ಊರಿನ ನಾಡಕಚೇರಿಗೆ ಹೋಗಿ, ಅಲ್ಲಿ ಒಂದು ಅರ್ಜಿಯು ಯಾರು ಯಾರ ಕೈದಾಟಿ ಪ್ರಮಾಣಪತ್ರವಾಗುತ್ತದೆ ಎಂಬುದನ್ನು ತಿಳಿದು ಬರೆಯಿರಿ.