ಸೂರಿನ ನೀರಿಗೆ ದೋಣಿ ಕಟ್ಟಿರಿ

ತೋಟದ ಬಸಿಗಾಲುವೆಯ ವಿಷಯದಲ್ಲಿ ನಮ್ಮ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಮ್ಮ ಮನೆಯ ಬುಡಕ್ಕೆ ಬೀಳುವ ನೀರಿನ ಕಡೆಗೆ ನಾವು ಅಷ್ಟು ಲಕ್ಷ್ಯ ಕೊಡುವುದಿಲ್ಲ. ಆದುದರಿಂದ ಈ ಸಲ ಸೂರಿನ ದೋಣಿಯ ವಿಚಾರವನ್ನು ತಿಳಿಯೋಣ.

ನೀರು ಎಷ್ಟು?

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 100 ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ 2,500 ಮಿ.ಮೀ., ಅಂದರೆ ಸುಮಾರು 100 ಅಂಗುಲ ಮಳೆ ಸುರಿದರೆ 2,50,000 ಲೀಟರ್ ಆಯಿತು. ಹೆಂಚು ಹೀರಿದ್ದು, ಹೊರಗೆ ಸಿಡಿದದ್ದು ಎಂದು ಐದರಲ್ಲೊಂದು ಪಾಲು ಕಳೆದರೂ 2 ಲಕ್ಷ ಲೀಟರ್ ಉಳಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಂಥ ಊರಿನಲ್ಲಿ ಇದು ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಇಷ್ಟೂ ನೀರು ಗೋಡೆಯ ಪಕ್ಕದಲ್ಲೇ, ಒಂದೇ ಗೆರೆಯಲ್ಲಿ ಬೀಳುತ್ತದೆ.

ಕೇಡು ಏನು?

ಮೊದಲನೆಯದು, ನೆಲಕ್ಕೆ ಬಿದ್ದ ನೀರು ಸಿಡಿದು ಗೋಡೆಯ ಬುಡ ಸದಾ ಒದ್ದೆಯಾಗಿರುತ್ತದೆ. ಮಣ್ಣಿನ ಗೋಡೆಯಾದರೆ ಕರಗುತ್ತದೆ. ಕಲ್ಲಿನದಾದರೆ ಗಾರೆ ಉದುರುತ್ತದೆ. ತೇವವಿದ್ದಲ್ಲಿ ಗೆದ್ದಲು ಬಾಗಿಲ ಚೌಕಟ್ಟಿಗೆ ಏರಲು ತಡವಾಗದು. ಆ ಗೋಡೆಯ ಒಳಮಗ್ಗುಲಿನಲ್ಲೇ ಅಡಿಕೆ, ಕಾಫಿಯ ಮೂಟೆ ಇದ್ದರೆ ಬೂಷ್ಟು ಹಿಡಿದು ವರ್ಷದ ದುಡಿಮೆಗೆ ಬೆಲೆ ಕಡಿಮೆಯಾಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಗುಡ್ಡ ಕಡಿದು ಮನೆ ಕಟ್ಟಿದಲ್ಲಿ ಹಿಂಬದಿಯಲ್ಲಿ ಧರೆ ಇರುತ್ತದೆ. ಹಿಂಬದಿ ಸೂರಿನ ನೀರು ಧರೆಯ ಬುಡವನ್ನು ಕೊರೆಯುತ್ತದೆ, ಮಣ್ಣನ್ನು ಸಡಿಲ ಮಾಡುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಭಾಗದಲ್ಲಿ ಗುಡ್ಡಗಳು ಕುಸಿದುದನ್ನು ನಾವು ಮರೆಯುವಂತಿಲ್ಲ. ದೋಣಿಯೊಂದೇ ಗುಡ್ಡವನ್ನು ತಡೆಯದು, ನಿಜ. ಆದರೆ ಧರೆಯ ಬುಡಕ್ಕೆ ನಮ್ಮ ಕೈಯಾರೆ ನೀರುಣಿಸುವುದನ್ನಂತೂ ನಿಲ್ಲಿಸಬಹುದು.

ಕಟ್ಟುವ ಕ್ರಮ

ಮುದಿ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ದೋಣಿ ಮಾಡುವುದು ನಮ್ಮ ಹಿರಿಯರ ಪದ್ಧತಿ. ಖರ್ಚು ಕಡಿಮೆ, ಆದರೆ ಬೇಗ ಲಡ್ಡಾಗುವುದರಿಂದ ಮತ್ತೆ ಮತ್ತೆ ಬದಲಿಸಬೇಕು. ತಗಡಿನದೋ ಪಿ.ವಿ.ಸಿ.ಯದೋ ಆದರೆ ಹೆಚ್ಚು ಕಾಲ ಬರುತ್ತದೆ. ಯಾವುದೇ ಇರಲಿ, ಈ ಅಂಶಗಳನ್ನು ಗಮನಿಸತಕ್ಕದ್ದು:

1. ಪ್ರತಿ 10 ಅಡಿ ಉದ್ದಕ್ಕೆ ಅರ್ಧ ಅಂಗುಲದಂತೆ ಇಳಿಜಾರು ಇರಲಿ. ದಾರ ಕಟ್ಟಿ ಮಟ್ಟ ನೋಡಿದ ಮೇಲೆಯೇ ಕೊಕ್ಕೆ ಹೊಡೆಯಿರಿ.

2. ಕೊಕ್ಕೆಗಳು ಎರಡೆರಡು ಅಡಿಗೆ ಒಂದರಂತಿರಲಿ. ನೀರು ತುಂಬಿದ ದೋಣಿಯ ಭಾರ ಅಲ್ಪವಲ್ಲ.

3. ಇಳಿಪೈಪು 4 ಅಂಗುಲಕ್ಕೆ ಕಡಿಮೆ ಬೇಡ. ಸೂರು ಉದ್ದವಾಗಿದ್ದರೆ ಎರಡೂ ತುದಿಗೆ ಒಂದೊಂದು ಇಳಿಸಿರಿ.

4. ಮರದ ಎಲೆ ಬೀಳುವ ಕಡೆ ಪೈಪಿನ ಬಾಯಿಗೆ ಜಾಲರಿ ಹಾಕಿರಿ. ಕಸ ಕಟ್ಟಿದ ದೋಣಿಯಲ್ಲಿ ನಿಂತ ನೀರು ಡೆಂಗೆ ಹರಡುವ ಸೊಳ್ಳೆಯ ತವರು.

ನೀರನ್ನು ಎಲ್ಲಿಗೆ ಒಯ್ಯುವುದು?

ದೋಣಿ ಕಟ್ಟಿದರೆ ಅರ್ಧ ಕೆಲಸ ಮಾತ್ರ ಆಯಿತು. ಹರಡಿ ಬೀಳುತ್ತಿದ್ದ ನೀರು ಈಗ ಒಂದೇ ಕಡೆ ರಭಸದಿಂದ ಬೀಳುವುದರಿಂದ ಅದಕ್ಕೆ ಭದ್ರವಾದ ದಾರಿ ಬೇಕು. ಕಲ್ಲು ಹಾಸಿದ ಚರಂಡಿಯಲ್ಲಿ ಹಳ್ಳಕ್ಕೋ ತೋಟದ ಬಸಿಗಾಲುವೆಗೋ ಸೇರಿಸಿರಿ. ಗೊಬ್ಬರಗುಂಡಿಗೆ ಬಿಟ್ಟರೆ ಸಾರವೆಲ್ಲ ಕೊಚ್ಚಿ ಹೋಗುತ್ತದೆ. ಧರೆಯ ಮೇಲಾಗಲಿ ಬುಡದಲ್ಲಾಗಲಿ ಇಂಗುಗುಂಡಿ ತೋಡಲೇಬಾರದು. ನೆರೆಯವರ ಜಾಗಕ್ಕೆ ನೀರು ನುಗ್ಗಿಸಿ ಮನಸ್ತಾಪ ಕಟ್ಟಿಕೊಳ್ಳುವುದೂ ಬೇಡ.

ಸಂಗ್ರಹಿಸುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಜಲ್ಲಿ ಮರಳಿನಲ್ಲಿ ಸೋಸಿ, ಮುಚ್ಚಳವಿರುವ ತೊಟ್ಟಿಗೆ ತುಂಬಿಸಬೇಕು. ಕುಡಿಯುವುದಾದರೆ ಕುದಿಸಲೇಬೇಕು. ಹಳೆಯ ಆಸ್ಬೆಸ್ಟಾಸ್ ಶೀಟಿನ ನೀರನ್ನು ಕುಡಿಯಲು ಬಳಸಬೇಡಿ. ದೊಡ್ಡ ಮಳೆಗಾಲದ ಮಾತು ಹಾಗಿರಲಿ, ಮಾರ್ಚ್ ಏಪ್ರಿಲ್‌ನ ಒಂದು 25 ಮಿ.ಮೀ. ಹೂಮಳೆಯೇ ಮೇಲೆ ಹೇಳಿದ ಮಾಡಿನಿಂದ 2,000 ಲೀಟರ್ ಕೊಡುತ್ತದೆ. ಬಾವಿ ತಳ ಕಂಡಿರುವ ಆ ದಿನಗಳಲ್ಲಿ ಮನೆಗೂ ಕೊಟ್ಟಿಗೆಗೂ ಅದೇನು ಸಣ್ಣ ನೆರವಲ್ಲ.

ಮೇ ತಿಂಗಳು ಮುಗಿಯುವುದರೊಳಗೆ ಸದಸ್ಯರು ಮನೆಯ ಸುತ್ತ ಒಂದು ಸಲ ನಡೆದು ನೋಡಲಿ. ಸೂರಿನ ಕೆಳಗೆ ನೆಲದಲ್ಲಿ ಗುಳಿಗಳ ಸಾಲು ಕಂಡರೆ, ದೋಣಿ ಬೇಕಾಗಿರುವುದು ಅಲ್ಲಿಯೇ.