ಫ್ಲೋರೆಸ್: ದ್ವೀಪದ ನೆತ್ತಿಯ ಮೇಲಿನ ಚೌಕ

ಗ್ವಾಟೆಮಾಲಾದ ಉತ್ತರಕ್ಕೆ ಬರುವ ಹೆಚ್ಚಿನ ಪ್ರವಾಸಿಗರಿಗೆ ಫ್ಲೋರೆಸ್ ಎಂದರೆ ರಾತ್ರಿ ತಂಗುವ ಊರು, ಅಷ್ಟೆ. ನಸುಕಿನಲ್ಲೇ ವ್ಯಾನ್ ಹತ್ತಿ, ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ತಿಕಾಲ್‌ನಲ್ಲಿ ಮಾಯಾ ಜನರ ದೇಗುಲಗಳನ್ನು ನೋಡಿ ಬರುತ್ತಾರೆ. ಮಾರನೆಯ ದಿನ ಊರು ಬಿಡುತ್ತಾರೆ. ನಾವೂ ಹಾಗೆಯೇ ಅಂದುಕೊಂಡು ಹೋದವರು. ಆ ದ್ವೀಪದ ನೆತ್ತಿಯ ಮೇಲಿರುವ ಚೌಕ ನಮ್ಮನ್ನು ಹಿಡಿದು ನಿಲ್ಲಿಸಿತು.

ಪೆತೇನ್ ಇತ್ಸಾ ಸರೋವರದ ದಕ್ಷಿಣ ದಡಕ್ಕೆ ಹತ್ತಿರವೇ ಇರುವ ಪುಟ್ಟ ದ್ವೀಪ ಇದು. ಎದುರಿನ ಸಾಂತಾ ಎಲೆನಾದಿಂದ ನೀರಿನ ನಡುವೆ ಏರಿ ಹಾಕಿ ರಸ್ತೆ ಮಾಡಿದ್ದಾರೆ. ಅದನ್ನು ದಾಟಿಸುವ ಕೆಂಪು ಆಟೋ ನಮ್ಮ ಬಜಾಜ್‌ನದೇ. ಇದು ನಮ್ಮ ದೇಶದ ಗಾಡಿ ಎಂದಾಗ ಚಾಲಕ ಹಿಂದೆ ತಿರುಗಿ ನೋಡಿ, ಎಂಜಿನ್ ಬಹಳ ಗಟ್ಟಿ ಎಂದು ಮೆಚ್ಚಿಕೊಂಡ. ಹೋಟೆಲು, ದೋಣಿಗಳೆಲ್ಲ ಕೆಳಗಿನ ದಂಡೆರಸ್ತೆಯಲ್ಲಿರುವುದರಿಂದ ಜನ ಅಲ್ಲೇ ಸುತ್ತಾಡುತ್ತಾರೆ. ಚೌಕಕ್ಕೆ ಹೋಗಬೇಕಾದರೆ ಬಣ್ಣಬಣ್ಣದ ಮನೆಗಳ ನಡುವಿನ ಕಡಿದಾದ ಓಣಿ ಹತ್ತಬೇಕು.

ಮೇಲೆ ಬಿಳಿ ಬಣ್ಣದ ಚರ್ಚ್, ಮರಗಳು, ಬೆಂಚುಗಳು, ಒಂದು ಬ್ಯಾಸ್ಕೆಟ್‌ಬಾಲ್ ಅಂಕಣ. ನಾವು ಹೋದಾಗ ಒಳಗೆ ಪ್ರಾರ್ಥನೆ ನಡೆಯುತ್ತಿತ್ತು, ಹೊರಗೆ ಹುಡುಗರು ಆಡುತ್ತಿದ್ದರು. ಚೆಂಡು ಉರುಳಿ ಚರ್ಚಿನ ಮೆಟ್ಟಿಲ ಬಳಿ ಹೋದಾಗ ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ಚಪ್ಪಲಿ ಕಾಲಿನಿಂದಲೇ ಅದನ್ನು ವಾಪಸ್ಸು ತಳ್ಳಿದರು. ನೋಡಿದರೆ ನೆಮ್ಮದಿಯ ಊರಿನ ನೆಮ್ಮದಿಯ ಸಂಜೆ. ಚೌಕದ ಕಥೆ ಮಾತ್ರ ನೆಮ್ಮದಿಯದಲ್ಲ.

ಇದು ಇತ್ಸಾ ಮಾಯಾ ಜನರ ರಾಜಧಾನಿ ನೋಹ್‌ಪೆತೇನ್ ಇದ್ದ ಜಾಗ. 1525ರಲ್ಲಿ ಹೊಂಡುರಾಸ್ ಕಡೆ ಹೊರಟಿದ್ದ ಸ್ಪೇನಿನ ಸೇನಾನಿ ಎರ್ನಾನ್ ಕೊರ್ತೇಸ್ ಈ ದಾರಿಯಲ್ಲಿ ಬಂದ. ಕಾಲು ನೊಂದ ತನ್ನ ಕುದುರೆಯನ್ನು ಇಲ್ಲಿನ ದೊರೆ ಕಾನ್ ಎಕ್‌ಗೆ ಒಪ್ಪಿಸಿ ಮುಂದೆ ಹೋದ. ಕುದುರೆ ಸತ್ತಿತು. ಅದುವರೆಗೆ ಅಂಥ ಪ್ರಾಣಿಯನ್ನೇ ಕಾಣದಿದ್ದ ಜನ ಅದರ ಮೂರ್ತಿ ಮಾಡಿ ಪೂಜೆಗಿಟ್ಟುಕೊಂಡರು. 1618ರಲ್ಲಿ ಬಂದ ಇಬ್ಬರು ಫ್ರಾನ್ಸಿಸ್ಕನ್ ಪಾದ್ರಿಗಳಲ್ಲಿ ಒಬ್ಬರು ಅದನ್ನು ಒಡೆದು ಹಾಕಿದರು. ಊರಿನವರ ಸಿಟ್ಟಿಗೆ ಸಿಕ್ಕೂ ಜೀವ ಉಳಿಸಿಕೊಂಡರು.

ಕಡೆಗೆ 1697ರ ಮಾರ್ಚ್ 13ರಂದು ಮಾರ್ತಿನ್ ದೆ ಉರ್ಸುವಾ ಎಂಬ ಅಧಿಕಾರಿ, ಸರೋವರದ ದಡದಲ್ಲೇ ಕಟ್ಟಿಸಿದ ಹುಟ್ಟುಗೋಲಿನ ಹಡಗಿನಲ್ಲಿ ಬಂದು ದ್ವೀಪಕ್ಕೆ ನುಗ್ಗಿದ. ಎದುರಿಗೆ ಇದ್ದದ್ದು ಮರದ ದೋಣಿ, ಬಿಲ್ಲು ಬಾಣ. ನೀರಿಗೆ ಹಾರಿ ಈಜಿ ಪಾರಾಗಲು ಹೋದವರ ಮೇಲೂ ಗುಂಡು ಹಾರಿತು. ಉರ್ಸುವಾ ಎತ್ತರದ ಜಾಗದಲ್ಲಿ ಬಾವುಟ ನೆಟ್ಟ. ಆ ದಿನವೆಲ್ಲ ಸೈನಿಕರು ಗುಡಿಗಳೊಳಗಿನ ವಿಗ್ರಹ ಒಡೆಯುವುದರಲ್ಲೇ ಕಳೆದರೆಂದು ಸ್ಪೇನಿನವರೇ ಬರೆದಿಟ್ಟಿದ್ದಾರೆ. ಈಗಿನ ಹೆಸರು 1831ರದು. ಮಧ್ಯ ಅಮೆರಿಕದ ರಾಜಕಾರಣಿ ಸಿರಿಲೋ ಫ್ಲೋರೆಸ್‌ರ ನೆನಪಿಗೆ ಇಟ್ಟದ್ದು.

ತಿಕಾಲ್ ನೋಡಿದವರು "ಮಾಯಾ ನಾಗರಿಕತೆ ಕಣ್ಮರೆಯಾಯಿತು" ಎಂದು ನಿಟ್ಟುಸಿರು ಬಿಡುತ್ತಾರೆ. ತಿಕಾಲ್ ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ ಬರಿದಾದದ್ದು ನಿಜ. ಆದರೆ ಕೊರ್ತೇಸ್ ಬಂದುಹೋದ ಮೇಲೂ 172 ವರ್ಷ ಮಾಯಾ ರಾಜ್ಯವೊಂದು ಯಾರಿಗೂ ತಲೆಬಾಗದೆ ಈ ದ್ವೀಪದಲ್ಲಿ ಬಾಳಿತ್ತು. ಅದು ತಾನಾಗಿ ಕಣ್ಮರೆಯಾಗಲಿಲ್ಲ, ಅದನ್ನು ಮುರಿದರು. ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಕಾಡಿನ ಪಿರಮಿಡ್ಡಿನ ಕೆಳಗಲ್ಲ, ಹುಡುಗರು ಚೆಂಡಾಡುವ ಈ ಅಂಕಣದ ಪಕ್ಕದಲ್ಲಿ. ಊರಿನ ನಡುವಿನ ಚೌಕ ನೋಡುವಾಗ ಏನಿದೆ ಎನ್ನುವುದರ ಜೊತೆಗೆ, ಮೊದಲು ಅಲ್ಲಿ ಏನಿತ್ತು, ಅದು ಹೇಗೆ ಹೋಯಿತು ಎಂದು ಕೇಳುವುದನ್ನು ಅಲ್ಲಿಂದೀಚೆಗೆ ರೂಢಿಸಿಕೊಂಡಿದ್ದೇನೆ.

ಮುರಿದದ್ದು ಪೂರ್ತಿ ಅಳಿದಿಲ್ಲ. ಉತ್ತರ ದಡದ ಸಾನ್ ಹೊಸೆ ಎಂಬ ಊರಿನಲ್ಲಿ ಇತ್ಸಾ ಭಾಷೆ ಬಲ್ಲ ಕೆಲವೇ ಹಿರಿಯರು ಇದ್ದಾರೆ. ನಮ್ಮನ್ನು ಅತ್ತ ಕರೆದೊಯ್ದ ದೋಣಿಯವನು, ತನ್ನ ಅಜ್ಜಿ ಚಿಕ್ಕವಳಿದ್ದಾಗ ಶಾಲೆಯಲ್ಲಿ ಆ ಭಾಷೆ ಆಡಿದರೆ ಪೆಟ್ಟು ಬೀಳುತ್ತಿತ್ತು ಎಂದ. ಅವನಿಗೆ ಬರುವುದು ಕೆಲವು ಮೀನು, ಮರಗಳ ಹೆಸರು ಮಾತ್ರ. ಒಂದೊಂದನ್ನೂ ನಿಧಾನವಾಗಿ, ಎರಡೆರಡು ಸಲ ಹೇಳಿ ಕೇಳಿಸಿದ.

ಹೋಗುವವರಿಗೆ ಕೆಲವು ಮಾತು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಏರು ಹತ್ತಬೇಡಿ, ಬೆಳಿಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು. ದೋಣಿಯ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿ, ಚಿಲ್ಲರೆ ಕೆತ್ಸಾಲ್ ನೋಟು ಇಟ್ಟುಕೊಳ್ಳಿ. ಈ ಸರೋವರದ ನೀರು ಹರಿದು ಹೋಗಲು ಮೇಲ್ಮೈಯಲ್ಲಿ ಹೊಳೆಯಿಲ್ಲ. ಮಳೆ ಹೆಚ್ಚಾದ ವರ್ಷಗಳಲ್ಲಿ ದಂಡೆರಸ್ತೆಗೇ ನೀರು ಬರುತ್ತದೆ, ಕೋಣೆ ಹಿಡಿಯುವಾಗ ವಿಚಾರಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಫ್ಲೋರೆಸ್‌ಗೆಂದೇ ಪೂರ್ತಿ ಒಂದು ದಿನ ಇಡಿ. ಮೊದಲು ಈ ಚೌಕ, ಆಮೇಲೆ ತಿಕಾಲ್.