ಮಗುವಿಗೆ ಶಿಫ್ಟ್ ಬೇಡ

ನೋಡಮ್ಮ, ಒಂಬತ್ತಕ್ಕೆ ದೀಪ ಆರಿಸಿ ಹನ್ನೊಂದರವರೆಗೂ ಮಗನ ಜೊತೆ ಗುದ್ದಾಡೋದನ್ನ ನಾಳೆಯಿಂದ ಬಿಟ್ಟುಬಿಡು. ನಿದ್ದೆ ಹತ್ತೋ ಹೊತ್ತು ನಿನ್ನ ಕೈಲೂ ಇಲ್ಲ, ಅವನ ಕೈಲೂ ಇಲ್ಲ. ಎದ್ದೇಳೋ ಹೊತ್ತು ಮಾತ್ರ ನಮ್ಮ ಕೈಲಿದೆ. ನಾನು ಹೇಳೋದು ಇಷ್ಟೇ, ಆದರೆ ಬಿಡಿಸಿ ಹೇಳದಿದ್ದರೆ ಈಗ ತಲೆಯಾಡಿಸಿ ಹೋಗಿ ರಾತ್ರಿ ಮತ್ತೆ ಅದನ್ನೇ ಮಾಡ್ತೀಯ.

ಮೊದಲು ಅವನ ಮೇಲಿನ ಕೋಪ ಇಳಿಸು. ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅಂತ ಬರೆದುಕೊಟ್ಟ ಮೇಲೂ ನಿಮ್ಮನೇಲಿ 'ಬೇಕಂತಲೇ ಮಾಡ್ತಾನೆ' ಅನ್ನೋದು ನಿಂತಿಲ್ಲ. 'ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಎಲ್ಲಿತ್ತು' ಅಂತ ಕೇಳೋರಿಗೆ ಹೇಳು: ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನ ತಾವು ತಡೆದುಕೊಳ್ಳಲಾರದ ಮಕ್ಕಳ ಬಗ್ಗೆ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಅನ್ನೋ ಮಕ್ಕಳ ವೈದ್ಯರು 1902ರಲ್ಲೇ ಉಪನ್ಯಾಸ ಕೊಟ್ಟಿದ್ದಾರೆ. ಇಲ್ಲಿ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲೂ ಅಂಥ ಮಕ್ಕಳಿದ್ದರು. ಅಂಥವರನ್ನ ಶಾಲೆ ಬಿಡಿಸಿ ದನದ ಹಿಂದೆ ಕಳಿಸಿದೆವು, ಅಷ್ಟೇ. ಬೆಳಗಿಂದ ಸಂಜೆವರೆಗೂ ಬಯಲಲ್ಲಿ ತಿರುಗಿದ ಹುಡುಗ ರಾತ್ರಿ ಬಿದ್ದಲ್ಲೇ ನಿದ್ದೆ ಹೋಗ್ತಿದ್ದ. ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ಅವನಿಗೆ ನಿದ್ದೆ ಯಾಕೆ ತಡ ಅಂತ ಕೇಳು. ಕತ್ತಲಾಗ್ತಾ ಬಂದಂತೆ ಮೆದುಳು ಮೆಲಟೋನಿನ್ ಬಿಡುತ್ತೆ, ಮೈಗೆ ರಾತ್ರಿಯಾಯ್ತು ಅಂತ ತಿಳಿಯೋದು ಅದರಿಂದ. ಎಡಿಎಚ್‌ಡಿ ಇದ್ದು ನಿದ್ದೆ ಬೇಗ ಹತ್ತದ ಮಕ್ಕಳಲ್ಲಿ ಅದು ಸುಮಾರು ಮುಕ್ಕಾಲು ಗಂಟೆ ತಡವಾಗಿ ಶುರುವಾಗೋದನ್ನ ವೈದ್ಯರು ಅಳೆದು ನೋಡಿದ್ದಾರೆ. ಅದರ ಮೇಲೆ ಟ್ಯೂಬ್‌ಲೈಟು, ಮೊಬೈಲು ಸೇರಿದರೆ ಇನ್ನೂ ತಡ. ನೀನು ಒಂಬತ್ತಕ್ಕೆ ಮಲಗು ಅಂದಾಗ ಅವನ ಮೈಗೆ ಇನ್ನೂ ಸಂಜೆ.

ಅದಕ್ಕೇ ಒಂದು ವಾರ ಏನೂ ಮಾಡಬೇಡ, ಅವನು ನಿಜವಾಗಿ ಕಣ್ಣು ಮುಚ್ಚೋದು ಎಷ್ಟು ಹೊತ್ತಿಗೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡು. ಹತ್ತೂವರೆ ಅಂತ ಇಟ್ಟುಕೋ. ಮುಂದಿನ ವಾರ ಹತ್ತೂವರೆಗೇ ಹಾಸಿಗೆಗೆ ಕಳಿಸು. ನಿಮ್ಮತ್ತೆ ಗೊಣಗ್ತಾರೆ, ಗೊಣಗಲಿ. ಹಾಸಿಗೆ ಅಂದರೆ ಜಗಳದ ಜಾಗ ಅಂತ ಅವನ ತಲೇಲಿ ಕೂತುಬಿಟ್ಟಿದೆ, ಮಲಗಿದ ಕೂಡಲೇ ನಿದ್ದೆ ಬರೋ ಜಾಗ ಅಂತ ಮೊದಲು ಆಗಬೇಕು. ಅದು ಸರಿಹೋದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತಗೊಂಡು ಬಾ. ಆರರಿಂದ ಹನ್ನೆರಡು ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಆದ್ದರಿಂದ ಕೊನೆಗೆ ಒಂಬತ್ತರ ಹತ್ತಿರ ನಿಲ್ಲಬೇಕು.

ಬೆಳಗ್ಗೆ ಆರೂವರೆಗೆ ಎಬ್ಬಿಸೋದು ಮಾತ್ರ ಮೊದಲ ದಿನದಿಂದಲೇ. ಭಾನುವಾರ ಅಂತಿಲ್ಲ, ಹಬ್ಬ ಅಂತಿಲ್ಲ. ರಾತ್ರಿ ತಡವಾಗಿದ್ದರೂ ಎಬ್ಬಿಸು. ಎದ್ದ ಅರ್ಧ ಗಂಟೆಯೊಳಗೆ ಮಹಡಿ ಮೇಲೋ ಬೀದಿಗೋ ಕರಕೊಂಡು ಹೋಗು. ಮಾರ್ಗಶಿರದಲ್ಲಿ ನಮ್ಮ ಹೊಸೂರು ಸೀಮೆ ಮಂಜಲ್ಲಿ ಮುಳುಗಿರುತ್ತೆ, ಸ್ವೆಟರ್ ಹಾಕಿಸು, ಆದರೂ ಕರಕೊಂಡು ಹೋಗು. ಮೋಡ ಮುಚ್ಚಿದ ಆಕಾಶಕ್ಕೂ ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಬೆಳಕಿದೆ. ಅವನ ಮೈಯ ಗಡಿಯಾರಕ್ಕೆ ಬೆಳಗ್ಗೆ ಕೀಲಿ ಕೊಟ್ಟರೇನೇ ರಾತ್ರಿ ಹೊತ್ತಿಗೆ ಸರಿಯಾಗಿ ಹೊಡೆಯೋದು.

ನಿಮ್ಮ ಮನೇಲಿ ಇನ್ನೊಂದು ತೊಡಕಿದೆ. ನಿನ್ನ ಯಜಮಾನರದು ಫ್ಯಾಕ್ಟರಿ ಕೆಲಸ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಸೂರಲ್ಲಿ ಎಷ್ಟು ಮನೆಗೆ ಇದೇ ಪಾಡು! ಸೆಕೆಂಡ್ ಶಿಫ್ಟ್ ಮುಗಿಸಿ ಮಧ್ಯರಾತ್ರಿ ಬಂದವರಿಗೆ ಮಗನ ಮುಖ ನೋಡೋ ಆಸೆ. ದೀಪ ಹಾಕ್ತಾರೆ, ಹುಡುಗ ಎದ್ದು ಕೂತ್ಕೋತಾನೆ, ಅಪ್ಪ ತಂದ ಪೊಟ್ಟಣ ಬಿಚ್ಚುತ್ತಾನೆ, ಅಲ್ಲಿಗೆ ರಾತ್ರಿ ಮುಗೀತು. ಅವರಿಗೆ ಬೆಳಗ್ಗೆ ಮಗನನ್ನ ಮಹಡಿಗೆ ಕರಕೊಂಡು ಹೋಗೋ ಕೆಲಸ ಕೊಡು, ಆಮೇಲೆ ಬೇಕಾದರೆ ಮತ್ತೆ ಮಲಗಲಿ. ಅಪ್ಪನ ಶಿಫ್ಟ್ ಬದಲಾಗುತ್ತೆ ಅಂತ ಮಗುವಿನ ಊಟ, ನಿದ್ದೆಯೂ ಬದಲಾಗಬೇಕಿಲ್ಲ.

ಮಲಗೋಕೆ ಒಂದು ಗಂಟೆ ಮುಂಚೆ ಮನೆಯ ಸದ್ದಿಳಿಸು. ನಿಮ್ಮತ್ತೆಯ ಸೀರಿಯಲ್ ವಿಷಯ ನಾನೇ ಮಾತಾಡ್ತೀನಿ, ನಾನು ಅವಳ ಓರಗೆಯವಳು, ನನ್ನನ್ನ ಬೈದರೂ ನಡೆಯುತ್ತೆ. ಟ್ಯೂಬ್‌ಲೈಟು ಆರಿಸಿ ಹಳದಿ ಬಲ್ಬು ಹಾಕು. ಮೊಬೈಲು ಅವನಿಂದ ಕಿತ್ಕೊಂಡು ನೀನು ನೋಡ್ತಾ ಕೂರಬೇಡ. ಕುಣಿಯೋ ಆಟ, ಓಟ ಎಲ್ಲ ಸಂಜೆ ಐದು ಆರಕ್ಕೆ ಮುಗೀಲಿ. ಟ್ಯೂಷನ್ ಅಂತ ಕೂಡಿಹಾಕಿ ಅದನ್ನೂ ತಪ್ಪಿಸಬೇಡ.

'ಹಲ್ಲುಜ್ಜಿ, ಬಟ್ಟೆ ಬದಲಿಸಿ, ಬ್ಯಾಗ್ ತುಂಬಿ ಮಲಗು' ಅಂತ ಒಂದೇ ಉಸಿರಲ್ಲಿ ಹೇಳಿದರೆ ಈ ಮಕ್ಕಳಿಗೆ ಮೊದಲನೇದೂ ಉಳಿಯಲ್ಲ. ಒಂದು ಹೇಳು, ಆದ ಮೇಲೆ ಇನ್ನೊಂದು. ಕ್ರಮವಾಗಿ ನಾಲ್ಕು ಚಿತ್ರ ಬರೆದು ಗೋಡೆಗೆ ಅಂಟಿಸು, ನಿನ್ನ ಬಾಯಿಗೂ ಬಿಡುವು. ಹಾಸಿಗೆಯಿಂದ ಮತ್ತೆ ಮತ್ತೆ ಎದ್ದು ಬರೋದಕ್ಕೆ ಒಂದು ಉಪಾಯವಿದೆ: ರಾತ್ರಿ ಒಂದು ಚೀಟಿ ಕೊಡು. ನೀರಿಗೋ, ನಿನ್ನನ್ನ ಅಪ್ಪಿಕೊಳ್ಳೋಕೋ ಒಂದು ಸಲ ಬರಬಹುದು, ಬಂದರೆ ಚೀಟಿ ವಾಪಸ್. ಆಮೇಲೆ ಬಂದರೆ ಮಾತಾಡದೆ ಕರಕೊಂಡು ಹೋಗಿ ಮಲಗಿಸು. ಚೀಟಿ ಉಳಿಸಿದ್ದರೆ ಬೆಳಗ್ಗೆ ಅವನು ಕೇಳಿದ ತಿಂಡಿ. ಹೆದರಿಸೋದು ಮಾತ್ರ ಬೇಡ. ನಮ್ಮ ಕಡೆ ಗುಮ್ಮ, ಬೂಚಿ, ಪೂಚಾಂಡಿ ಅಂತ ಮೂರು ಭಾಷೇಲಿ ಹೆದರಿಸ್ತೀವಿ. ಹೆದರಿದ ಮಗು ಕಣ್ಣು ಮುಚ್ಚುತ್ತೆ, ನಿದ್ದೆ ಮಾಡಲ್ಲ.

ಸಂಜೆ ಕಾಫಿ ಟೀ ಕೊಡಬೇಡ. ಹಾಲಲ್ಲಿ ಒಂದೇ ಚಮಚ ಡಿಕಾಕ್ಷನ್ ಅನ್ನೋದೂ ಬೇಡ. ನಿದ್ದೆ ಬರಲಿ ಅಂತ ಶೀತದ ಸಿರಪ್ ಕುಡಿಸೋರಿದ್ದಾರೆ, ಅದು ತಪ್ಪು. ಮೆಲಟೋನಿನ್ ಗುಳಿಗೆಯನ್ನೂ ಡಾಕ್ಟರು ಹೇಳದೆ ಮೆಡಿಕಲ್ ಶಾಪಿಂದ ತರಬೇಡ. ಗಮನಕ್ಕೆ ಅಂತ ಮಿಥೈಲ್‌ಫೆನಿಡೇಟ್ ಕೊಡ್ತಿದ್ದರೆ, ತಡವಾಗಿ ಕೊಟ್ಟಾಗ ಅದೇ ನಿದ್ದೆ ಕೆಡಿಸಬಹುದು. ಕೆಲವರಿಗೆ ಅದರ ಪ್ರಭಾವ ಇಳಿಯೋ ಸಂಜೆ ಹೊತ್ತಲ್ಲಿ ಚಡಪಡಿಕೆ ಹೆಚ್ಚುತ್ತೆ. ನೀನಾಗೇ ನಿಲ್ಲಿಸಬೇಡ, ಹೊತ್ತು ಬದಲಿಸಬಹುದಾ ಅಂತ ಕೇಳು.

ಗೊರಕೆ ಹೊಡೀತಾನಾ, ಬಾಯಿ ತೆರೆದು ಮಲಗ್ತಾನಾ? ಗಂಟಲಿನ ಗ್ರಂಥಿ ಊದಿರಬಹುದು, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸು. ಮಲಗಿದರೆ ಕಾಲಲ್ಲಿ ಏನೋ ಹರಿದಂಗೆ ಆಗುತ್ತೆ, ಆಡಿಸಬೇಕು ಅನಿಸುತ್ತೆ ಅಂದರೆ ಕಬ್ಬಿಣದಂಶ ಕಮ್ಮಿ ಇರಬಹುದು. ಫೆರಿಟಿನ್ ಅನ್ನೋ ರಕ್ತಪರೀಕ್ಷೆಯಲ್ಲಿ ತಿಳಿಯುತ್ತೆ. ರಾಗಿಮುದ್ದೆ ತಿಂತಾನಲ್ಲ ಅಂತ ಸುಮ್ಮನಾಗಬೇಡ.

ಎರಡು ತಿಂಗಳಲ್ಲೂ ಸರಿಹೋಗದಿದ್ದರೆ ನಿಮ್ಹಾನ್ಸ್‌ಗೆ ಹೋಗಿಬನ್ನಿ. ಬೆಂಗಳೂರಲ್ಲಿ ನಮ್ಮೂರ ಹೆಸರಿನ ಹೊಸೂರು ರಸ್ತೆಯಲ್ಲೇ ಇದೆ, ಮಕ್ಕಳಿಗೆ ಬೇರೆ ವಿಭಾಗವಿದೆ, ಕನ್ನಡದಲ್ಲೇ ಹೇಳಿಕೊಳ್ಳಬಹುದು. ಅಷ್ಟರೊಳಗೆ ನಿನಗೇ ತಡೆಯಲಾರದಷ್ಟು ಸುಸ್ತಾದರೆ ಮನಸ್ಸಿನ ತೊಂದರೆಗೆ ಇರೋ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರ್ತಾರೆ. ಆಸ್ಪತ್ರೆಗೆ ಹೊರಡುವಾಗ ಆ ನೋಟ್‌ಬುಕ್ ಮರೀಬೇಡ. ಎಷ್ಟೊತ್ತಿಗೆ ಮಲಗ್ತಾನೆ, ಎಷ್ಟೊತ್ತಿಗೆ ಏಳ್ತಾನೆ ಅಂತ ಅವರೂ ಕೇಳ್ತಾರೆ.